ಬಾಯಿಗೆ ಮೂರು ಬೆರಳು, ಮೂಗಿಗೆ ಉಪ್ಪುನೀರು

ಅಡಿಕೆ ಸುಗ್ಗಿ ಶುರುವಾಯಿತೆಂದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ ಸೀಮೆಯ ರಸ್ತೆಬದಿಯಲ್ಲಿ ಸಿಪ್ಪೆಯ ಗುಡ್ಡೆಗಳು ಏಳುತ್ತವೆ. ರಾತ್ರಿ ಯಾರೋ ಬೆಂಕಿ ಇಟ್ಟು ಹೋಗುತ್ತಾರೆ, ಮರುದಿನವೆಲ್ಲ ಹೊಗೆಯಾಡುತ್ತದೆ. ಜಗಳೂರಿನ ಕಡೆ ಮೆಕ್ಕೆಜೋಳದ ಒಕ್ಕಣೆಯ ಧೂಳು. ಹೊನ್ನಾಳಿ, ನ್ಯಾಮತಿಯ ನೀರಾವರಿ ಗದ್ದೆಗಳಲ್ಲಿ ಭತ್ತದ ಸುಂಕು. ಸೀನು, ಕೆಮ್ಮು, ದಮ್ಮು ಎಂದು ಔಷಧಿ ಅಂಗಡಿಯ ಮುಂದೆ ನಿಲ್ಲುವವರು ಹೆಚ್ಚುವುದು ಈ ದಿನಗಳಲ್ಲೇ.

ಹಿಂದಿನ ಸುಗ್ಗಿಯಲ್ಲಿ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವ ಒಂದು ಖೇಣಿ ಮನೆಗೆ ಹೋಗಿದ್ದೆ. ಸುಲಿಯುವ ಯಂತ್ರದ ಪಕ್ಕ ಗೋಟಡಿಕೆ ಆರಿಸುತ್ತಿದ್ದ ಹೆಂಗಸು ಸೆರಗಿನಿಂದ ಮೂಗು ಕಟ್ಟಿಕೊಂಡು ಒಂದೇ ಸಮನೆ ಸೀನುತ್ತಿದ್ದರು. ಅವರೆದುರು ಚೀಲ ಹೊಲಿಯುತ್ತಿದ್ದ ಯಜಮಾನರ ಎಡಗೆನ್ನೆ ಉಬ್ಬಿತ್ತು. ಒಳಗೆ ಎಲೆ, ಅಡಿಕೆ, ಹೊಗೆಸೊಪ್ಪು. ಚಹಾದ ಜೊತೆ ಮಿರ್ಚಿ ಮಂಡಕ್ಕಿ ಬಂದಾಗ ಅವರು ಮಿರ್ಚಿ ಬದಿಗಿಟ್ಟು, ಮಂಡಕ್ಕಿಯನ್ನು ನಾಲ್ಕು ಕಾಳಿನಂತೆ ಬಾಯಿಗೆ ಹಾಕಿಕೊಂಡರು. ‘ಖಾರ ಉರಿತೈತೆ ಕಣ್ರಿ. ಗಾಳಿ ಹೊಡೆದು ದವಡೆ ಬೇರೆ ಹಿಡ್ಕಂಡೈತೆ’ ಅಂದರು. ಮೂರು ಬೆರಳು ಜೋಡಿಸಿ ನಿಲ್ಲಿಸಿ ಬಾಯೊಳಗೆ ಇಟ್ಟುಕೊಳ್ಳಿ ಎಂದೆ. ಒಂದೂವರೆ ಬೆರಳು ಹೋಯಿತು. ಅದು ಗಾಳಿಯ ಕೆಲಸವಲ್ಲ.

ಆಕೆಯ ಸೀನು, ಇವರ ಹಿಡಿದ ದವಡೆ ಬೇರೆಬೇರೆ ವೈದ್ಯರ ಪಾಲಿನ ಕಾಯಿಲೆಗಳು. ಆದರೆ ದೇಹದೊಳಗೆ ಎರಡನ್ನೂ ಸಂಭಾಳಿಸಬೇಕಾದ ಕಾವಲು ಒಂದೇ, ರೋಗನಿರೋಧಕ ವ್ಯವಸ್ಥೆ. ಅದು ಎರಡು ರೀತಿ ಕೆಡುತ್ತದೆ: ಒಂದು ಕಡೆ ಅತಿ, ಇನ್ನೊಂದು ಕಡೆ ಮೌನ. ಯಾವುದಕ್ಕೆ ಏನು ಮಾಡಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ, ಹಾಗಾಗಿ ಮೊದಲು ಅದನ್ನೇ ನೋಡೋಣ.

ನೆಂಟರಿಗೆ ಬೊಗಳುವ ನಾಯಿ

ಮೆಕ್ಕೆಜೋಳದ ಧೂಳು, ಕಾಂಗ್ರೆಸ್ ಗಿಡದ ಪರಾಗ, ಹಾಸಿಗೆಯಲ್ಲಿರುವ ಕಣ್ಣಿಗೆ ಕಾಣದ ನುಸಿ, ಹುಲ್ಲಿನ ಬೂಷ್ಟು, ಇವು ಯಾವುವೂ ದೇಹದ ಶತ್ರುಗಳಲ್ಲ. ಆದರೂ ಕೆಲವರ ದೇಹ ಇವನ್ನು ಶತ್ರುವೆಂದು ಬಗೆದು ಐಜಿಇ ಎಂಬ ಪ್ರತಿಕಾಯ ತಯಾರಿಸಿ, ಮೂಗು ಮತ್ತು ಶ್ವಾಸನಾಳದ ಮಾಸ್ಟ್ ಕೋಶಗಳ ಮೇಲೆ ಅಂಟಿಸಿಟ್ಟಿರುತ್ತದೆ. ಮತ್ತೆ ಅದೇ ಧೂಳು ಸೋಕಿದರೆ ನಿಮಿಷಗಳಲ್ಲಿ ಹಿಸ್ಟಮಿನ್ ಹೊರಬಿದ್ದು ಸೀನು, ತುರಿಕೆ, ನೀರಾದ ಮೂಗು. ಕತೆ ಅಲ್ಲಿಗೆ ಮುಗಿಯುವುದಿಲ್ಲ. ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ ಇನ್ನೊಂದು ತಂಡದ ಬಿಳಿ ರಕ್ತಕಣಗಳು ಬಂದು ಶ್ವಾಸನಾಳವನ್ನು ಊದಿಸುತ್ತವೆ. ‘ಕಣದಲ್ಲಿ ಚೆನ್ನಾಗೇ ಇದ್ದೆ, ರಾತ್ರಿ ಮಲಗಿದ ಮೇಲೆ ದಮ್ಮು ಬಂತು’ ಎನ್ನುವವರು ರಾತ್ರಿಯ ತಣ್ಣನೆ ಗಾಳಿಯನ್ನು ಬೈಯುತ್ತಾರೆ. ಕಾರಣ ಹಗಲಿನ ಕಣದಲ್ಲೇ ಇರಬಹುದು.

ಬಾಯಿ ಕ್ಯಾನ್ಸರಿನಲ್ಲಿ ನಡೆಯುವುದು ಇದರ ತಿರುವುಮುರುವು. ಕೆಟ್ಟ ಕೋಶವನ್ನು ಗುರುತಿಸಿ ಕೊಲ್ಲಬೇಕಾದ ಟಿ ಕೋಶಗಳು ಗಡ್ಡೆಯ ಬಾಗಿಲಿಗೇ ಬಂದಿರುತ್ತವೆ. ಆದರೆ ಅವುಗಳ ಮೈಮೇಲೆ ಪಿಡಿ-1 ಎಂಬ ಬ್ರೇಕು ಇದೆ, ಕ್ಯಾನ್ಸರ್ ಕೋಶ ಆ ಬ್ರೇಕನ್ನೇ ಒತ್ತಿಹಿಡಿಯುತ್ತದೆ. ನೆಂಟರಿಗೆ ಬೊಗಳುವ ನಾಯಿ, ರೊಟ್ಟಿ ಹಾಕಿದ ಕಳ್ಳನಿಗೆ ಬಾಲ ಅಲ್ಲಾಡಿಸಿದ ಹಾಗೆ. ಇಂಥ ಬ್ರೇಕುಗಳನ್ನು ಬಿಡಿಸುವ ದಾರಿ ತೋರಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. 2025ರ ವೈದ್ಯಕೀಯ ನೊಬೆಲ್ ಪಡೆದ ಸಂಶೋಧನೆ ರೋಗನಿರೋಧಕ ವ್ಯವಸ್ಥೆಗೆ ‘ಸಾಕು, ಸುಮ್ಮನಿರಿ’ ಎನ್ನುವ ನಿಯಂತ್ರಕ ಟಿ ಕೋಶಗಳ ಕುರಿತದ್ದು. ಅಲರ್ಜಿಯಲ್ಲಿ ಇವುಗಳ ಮಾತು ನಡೆಯುವುದಿಲ್ಲ. ಗಡ್ಡೆಯೊಳಗೆ ಇವೇ ಗುಂಪುಗೂಡಿ ಕಾವಲನ್ನು ಮಲಗಿಸುತ್ತವೆ.

‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಕಷಾಯ, ಸಿರಪ್ಪಿಗೆ ಸಾವಿರಾರು ರೂಪಾಯಿ ಸುರಿಯುವವರಿಗೆ ನಾನು ಕೇಳುವುದು ಒಂದೇ: ಯಾವುದನ್ನು ಹೆಚ್ಚಿಸುತ್ತೀರಿ? ಅಲರ್ಜಿಯವರಿಗೆ ಹೆಚ್ಚಾಗಿರುವುದೇ ತೊಂದರೆ. ಕ್ಯಾನ್ಸರಿನವರಿಗೆ ಕಡಿಮೆಯಾಗಿರುವುದು ಶಕ್ತಿಯಲ್ಲ, ಬಿಡುಗಡೆ. ದುಡ್ಡನ್ನು ಮುಂದಿನ ಕೆಲಸಗಳಿಗೆ ಉಳಿಸಿಕೊಳ್ಳಿ.

ತಿಂಗಳಿಗೊಮ್ಮೆ ಕನ್ನಡಿ ಮುಂದೆ

ಒಂದು ದಿನ ಗೊತ್ತುಮಾಡಿಕೊಳ್ಳಿ, ಅಮಾವಾಸ್ಯೆಯಾದರೆ ಮರೆಯುವುದಿಲ್ಲ. ಬಾಯಿ ಮುಕ್ಕಳಿಸಿ, ಬೆಳಕಿಗೆ ಮುಖ ಮಾಡಿ ಕನ್ನಡಿ ಹಿಡಿಯಿರಿ. ಮೊದಲು ಮೂರು ಬೆರಳಿನ ಪರೀಕ್ಷೆ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಒಂದರ ಮೇಲೊಂದು ನಿಂತಂತೆ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಹೋಗಬೇಕು. ಹೋಗದಿದ್ದರೆ, ಅದರಲ್ಲೂ ಖಾರಕ್ಕೆ ಬಾಯಿ ಉರಿಯುತ್ತಿದ್ದರೆ, ಒಳಗೆನ್ನೆ ಗಟ್ಟಿಯಾಗಿ ಹಗ್ಗದಂತೆ ಕೈಗೆ ಸಿಗುತ್ತಿದ್ದರೆ, ಅಡಿಕೆ ಜಗಿಯುವವರಲ್ಲಿ ಕಾಣುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಅಡಿಕೆಯ ಅರೆಕೋಲಿನ್ ಒಳಚರ್ಮದಲ್ಲಿ ನಾರು ಹೆಚ್ಚು ಬೆಳೆಯುವಂತೆ ಮಾಡುತ್ತದೆ, ನಾರು ಬಿಗಿದಂತೆ ಬಾಯಿ ಮುಚ್ಚುತ್ತ ಬರುತ್ತದೆ. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ.

ಆಮೇಲೆ ಕೆನ್ನೆಯ ಒಳಭಾಗವನ್ನು ಬೆರಳಿನಿಂದ ಹೊರಕ್ಕೆಳೆದು ನೋಡಿ. ಎಲೆಯಡಿಕೆ ಇಟ್ಟುಕೊಳ್ಳುವ ಕಡೆಯನ್ನು ಎರಡು ಬಾರಿ. ತುಟಿಯ ಒಳಗೆ, ವಸಡು, ಅಂಗುಳ. ನಾಲಿಗೆ ಹೊರಚಾಚಿ ತುದಿಯನ್ನು ಬಟ್ಟೆಯಿಂದ ಹಿಡಿದು ಎರಡೂ ಅಂಚು ನೋಡಿ, ಮೇಲಕ್ಕೆತ್ತಿ ಅಡಿಭಾಗ ನೋಡಿ. ಕೊನೆಗೆ ಕಿವಿಯ ಕೆಳಗಿನಿಂದ ಕೊರಳಪಟ್ಟಿಯವರೆಗೆ ಬೆರಳಾಡಿಸಿ, ಗಂಟು ಸಿಗುತ್ತದೆಯೇ ಎಂದು. ಮೂರು ವಾರವಾದರೂ ಮಾಯದ ಹುಣ್ಣು, ಕೆಂಪು ಇಲ್ಲವೇ ಬಿಳಿ ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಮೂರು ವಾರ ಸರಿಹೋಗದ ಗೊಗ್ಗರು ದನಿ, ಕಿವಿ ಚೆನ್ನಾಗಿದ್ದೂ ಒಂದೇ ಕಡೆ ಕಿವಿನೋವು, ನೋವಿಲ್ಲದ ಕತ್ತಿನ ಗಂಟು, ಇವುಗಳಲ್ಲಿ ಒಂದಿದ್ದರೂ ಸಾಕು, ಬಸ್ಸು ಹತ್ತಿ. ನೋವಿಲ್ಲ ಅಂತ ಕಾಯಬೇಡಿ. ಈ ಕಾಯಿಲೆ ಶುರುವಿನಲ್ಲಿ ನೋಯುವುದೇ ಅಪರೂಪ.

ಬಿಳಿ ಮಚ್ಚೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ದಮ್ಮಿಗೆ ಸ್ಟೆರಾಯ್ಡ್ ಪಂಪು (ಇನ್‌ಹೇಲರ್) ಎಳೆದು ಬಾಯಿ ತೊಳೆಯದವರಿಗೆ ಔಷಧಿ ಬಾಯಲ್ಲೇ ಉಳಿದು, ಅಲ್ಲಿನ ಕಾವಲು ಕುಗ್ಗಿ ಬಿಳಿ ಬೂಷ್ಟು ಕೂರುತ್ತದೆ. ಒದ್ದೆ ಹತ್ತಿಬಟ್ಟೆಯಿಂದ ಒರೆಸಿದರೆ ಅದು ಸಾಮಾನ್ಯವಾಗಿ ಎದ್ದುಬರುತ್ತದೆ. ಒರೆಸಿದರೂ ಹೋಗದ ಬಿಳಿ ಮಚ್ಚೆಯನ್ನು ಹಲ್ಲಿನ ವೈದ್ಯರು ನೋಡಲೇಬೇಕು. ದಮ್ಮೂ ಇದ್ದು ಎಲೆಯಡಿಕೆಯೂ ಇರುವವರು ‘ಪಂಪಿನದ್ದೇ ಇರಬೇಕು’ ಎಂದು ತಾವೇ ತೀರ್ಮಾನಿಸಬಾರದು.

ಅಡಿಕೆಯೇ ಅನ್ನವಾಗಿರುವ ಊರಿನಲ್ಲಿ ಇದನ್ನು ಬರೆಯುವುದು ಮುಜುಗರದ ಕೆಲಸ, ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ, ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಗಳು ಒಪ್ಪಿಲ್ಲ, ಅಡಿಕೆಯೊಂದನ್ನೇ ದೂರುವುದು ಸರಿಯಲ್ಲ ಎನ್ನುತ್ತವೆ. ಆ ಜಗಳ ಅದರ ಪಾಡಿಗೆ ನಡೆಯಲಿ. ತೋಟದಲ್ಲಿ ಬೆಳೆಯುವುದು ಬೇರೆ, ದಿನಕ್ಕೆ ಹತ್ತು ಸಲ ದವಡೆಗೆ ಒತ್ತಿಟ್ಟು ಅದರ ಮೇಲೆ ನಿದ್ದೆ ಮಾಡುವುದು ಬೇರೆ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲೇ ನಿಷೇಧಿಸಿದೆ. ಅಂಗಡಿಯವರು ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಕೊಡುತ್ತಾರೆ, ಗಿರಾಕಿ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಬಿಡಬೇಕೆಂದಿರುವವರಿಗೆ 1800-11-2356 ಉಚಿತ ಸಹಾಯವಾಣಿ ಇದೆ. ಒಂದೇ ದಿನ ಬಿಡಲಾಗದವರು ರಾತ್ರಿ ಬಾಯಲ್ಲಿಟ್ಟು ಮಲಗುವುದನ್ನು ಮೊದಲು ನಿಲ್ಲಿಸಿ.

ಮೂಗು, ಪಂಪು ಮತ್ತು ಟವೆಲ್

ಟವೆಲ್ಲು, ಸೆರಗು ದೊಡ್ಡ ಹೊಟ್ಟನ್ನು ತಡೆಯುತ್ತವೆ, ಸಣ್ಣ ಧೂಳನ್ನಲ್ಲ. ಒಕ್ಕಣೆಗೆ, ಸಿಪ್ಪೆ ತುಂಬಲು ಎನ್-95 ಮಾಸ್ಕ್ ಕಟ್ಟಿಕೊಳ್ಳಿ. ಗಾಳಿ ನಿಮ್ಮ ಬೆನ್ನಿನಿಂದ ಬೀಸುವಂತೆ ನಿಂತರೆ ಅರ್ಧ ಕೆಲಸ ಆದಂತೆ. ಮನೆಗೆ ಬಂದವರೇ ಬಟ್ಟೆ ಬದಲಿಸಿ ಸ್ನಾನ ಮಾಡಿ. ಅದೇ ಅಂಗಿಯಲ್ಲಿ ಹಾಸಿಗೆಗೆ ಹೋದರೆ ಕಣವನ್ನೇ ಹಾಸಿಕೊಂಡು ಮಲಗಿದ ಹಾಗೆ. ಬೂಷ್ಟು ಹಿಡಿದ ಹುಲ್ಲು ಕೆದರಿದ ಸಂಜೆ ಸೀನಿಲ್ಲದೆ ಜ್ವರ, ಚಳಿ, ಒಣಕೆಮ್ಮು ಬಂದರೆ ಅದು ಬೇರೆ ಬಗೆಯ ಶ್ವಾಸಕೋಶದ ತೊಂದರೆ, ವೈದ್ಯರಿಗೆ ಹುಲ್ಲಿನ ಸಂಗತಿ ಹೇಳಿ.

ಮೂಗು ತೊಳೆಯಲು ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ಬೋರಿನ ನೀರನ್ನು ಹಾಗೇ ಬಳಸಬೇಡಿ. ವೈದ್ಯರು ಮೂಗಿನ ಸ್ಟೆರಾಯ್ಡ್ ಸ್ಪ್ರೇ ಬರೆದಿದ್ದರೆ ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಹಿಡಿದರೆ ಔಷಧಿ ನಡುಗೋಡೆಗೆ ಬಡಿಯದೆ ಹೊರಗೋಡೆಗೆ ಬೀಳುತ್ತದೆ. ಈ ಸ್ಪ್ರೇ ಕೆಲಸ ಮಾಡಲು ಕೆಲವು ದಿನ ಬೇಕು. ಕಟ್ಟಿದ ಮೂಗು ತಕ್ಷಣ ಬಿಡಿಸುವ ಡ್ರಾಪ್ಸನ್ನು ಮಾತ್ರ ಐದು ದಿನಕ್ಕಿಂತ ಹೆಚ್ಚು ಹಾಕಬೇಡಿ, ಆಮೇಲೆ ಅದಿಲ್ಲದೆ ಮೂಗೇ ಬಿಡುವುದಿಲ್ಲ. ನಿದ್ದೆ ತರಿಸುವ ಅಲರ್ಜಿ ಮಾತ್ರೆ ನುಂಗಿ ಸುಲಿಯುವ ಯಂತ್ರದ ಹತ್ತಿರ, ಟ್ರ್ಯಾಕ್ಟರ್ ಮೇಲೆ ಕೂರಬೇಡಿ.

‘ಪಂಪು ಅಭ್ಯಾಸವಾಗಿಬಿಡುತ್ತೆ’ ಎಂಬ ಭಯ ಚನ್ನಗಿರಿ, ಜಗಳೂರು, ಹೊನ್ನಾಳಿ, ನ್ಯಾಮತಿ ನಾಲ್ಕೂ ತಾಲ್ಲೂಕಿನಲ್ಲಿದೆ. ಅದೇ ಜನ ದಮ್ಮು ಬಂದಾಗಲೆಲ್ಲ ಯಾರದೋ ಕೈಯಲ್ಲಿ ಸೊಂಟಕ್ಕೆ ಸ್ಟೆರಾಯ್ಡ್ ಸೂಜಿ ಚುಚ್ಚಿಸಿಕೊಳ್ಳುತ್ತಾರೆ. ಪಂಪಿನಲ್ಲಿ ಔಷಧಿ ಇರುವುದು ಮೈಕ್ರೊಗ್ರಾಂ ಲೆಕ್ಕದಲ್ಲಿ, ಅಂದರೆ ಮಿಲಿಗ್ರಾಂನ ಸಾವಿರದ ಒಂದು ಪಾಲು, ಅದೂ ನೇರ ಶ್ವಾಸನಾಳಕ್ಕೆ. ಅನಿಲದ ಪಂಪಾದರೆ ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿದು, ಒತ್ತುತ್ತಲೇ ನಿಧಾನ ಎಳೆದುಕೊಂಡು ಹತ್ತು ಎಣಿಸುವವರೆಗೆ ಹಿಡಿಯಿರಿ. ಕ್ಯಾಪ್ಸೂಲಿನ ಪುಡಿಯಾದರೆ ನಿಧಾನವಲ್ಲ, ಜೋರಾಗಿ ಎಳೆಯಬೇಕು. ಎರಡಕ್ಕೂ ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಪಂಪಿಗೂ ಬಗ್ಗದ ದಮ್ಮು ಬಂದರೆ 108ಕ್ಕೆ ಕರೆ ಮಾಡಿ.

ಬಸ್ಸು ಎಲ್ಲಿಗೆ?

ಮೂವತ್ತು ದಾಟಿದವರ ಬಾಯಿ ತಪಾಸಣೆ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲೇ ಉಚಿತ. ಆಶಾ ಕಾರ್ಯಕರ್ತೆ ಫಾರ್ಮ್ ತುಂಬಲು ಬಂದಾಗ ಎಲೆಯಡಿಕೆಯ ಪ್ರಶ್ನೆಗೆ ಸುಳ್ಳು ಹೇಳಬೇಡಿ. ಸಂಶಯವಿದ್ದರೆ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಮುಂದೆ ಜಗಳೂರಿನವರಿಗೆ ದಾವಣಗೆರೆಯೇ ದಾರಿ: ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಬಾಯಿಯ ಕಾಯಿಲೆಗೆಂದೇ ವಿಭಾಗವಿರುವ ಎರಡು ದಂತ ಕಾಲೇಜುಗಳಿವೆ. 1997ರಲ್ಲಿ ದಾವಣಗೆರೆ ಜಿಲ್ಲೆ ಬೇರೆಯಾದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರ ಕಾಲು ಇನ್ನೂ ಶಿವಮೊಗ್ಗದ ಕಡೆಗೇ ಹೋಗುತ್ತದೆ, ಅಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ಕ್ಯಾನ್ಸರ್ ಖಚಿತವಾದ ಮೇಲೆ ವೈದ್ಯರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದು ಕಳಿಸಬಹುದು. ಸಣ್ಣ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ಗಡ್ಡೆ ಕೆರಳುತ್ತದೆ ಎಂಬುದು ಸುಳ್ಳು. ಕೆರಳಿಸುವುದು ತಡ.

ಬ್ರೇಕು ಬಿಡಿಸುವ ಔಷಧಿ, ಅಂದರೆ ಇಮ್ಯುನೊಥೆರಪಿ, ಎಲ್ಲರಿಗೂ ಅಲ್ಲ. ಬೇಗ ಸಿಕ್ಕ ಬಾಯಿ ಕ್ಯಾನ್ಸರಿಗೆ ಇಂದಿಗೂ ಮೊದಲ ಮದ್ದು ಶಸ್ತ್ರಚಿಕಿತ್ಸೆ. ಗುಣಪಡಿಸಲಾಗದಷ್ಟು ಮುಂದುವರಿದವರಿಗೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಪೂರ್ತಿ ಡೋಸಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಅನ್ನು ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. 151 ಜನರ ಆ ಅಧ್ಯಯನ 2022ರಲ್ಲಿ ಪ್ರಕಟವಾಯಿತು: ಬರೀ ಮಾತ್ರೆಯವರಲ್ಲಿ ಒಂದು ವರ್ಷ ಬದುಕಿದವರು ಶೇ 16.3, ಇದನ್ನೂ ಪಡೆದವರಲ್ಲಿ ಶೇ 43.4. ಹಾಗಾಗಿ ‘ಲಕ್ಷಗಟ್ಟಲೆ ಬೇಕು’ ಎಂದಾಗ ಕಡಿಮೆ ಡೋಸಿನ ಬಗ್ಗೆ ಕೇಳುವ ಹಕ್ಕು ನಿಮಗಿದೆ. ಬಿಟ್ಟ ನಾಯಿ ಮನೆಯವರನ್ನೂ ಕಚ್ಚಬಹುದು: ಶ್ವಾಸಕೋಶ, ಕರುಳು, ಥೈರಾಯ್ಡ್ ಊದಿಕೊಂಡ ಉದಾಹರಣೆಗಳಿವೆ. ದಮ್ಮು, ಸಂಧಿವಾತ ಇದ್ದರೆ, ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಕುಡಿಯುತ್ತಿರುವ ಕಷಾಯದ ಹೆಸರನ್ನೂ ಹೇಳಿ.

ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ಪ್ಯಾಕೇಜ್ ದರದ ಶೇ 30. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳಿ ಪಡೆಯಿರಿ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಬಳಸುವ ಪಂಪು ಒಂದೇ ಚೀಲದಲ್ಲಿರಲಿ. ಹೊರಡುವ ಬೆಳಿಗ್ಗೆ ಎಲೆಯಡಿಕೆ ಹಾಕಬೇಡಿ. ಬಾಯಿ ಕೆಂಪಾಗಿದ್ದರೆ ವೈದ್ಯರ ಕಣ್ಣಿಗೆ ಮಚ್ಚೆ ಕಾಣುವುದಿಲ್ಲ, ತೊಳೆದುಕೊಂಡು ಬನ್ನಿ ಎಂದು ನಲ್ಲಿಯ ಹತ್ತಿರ ಕಳಿಸುತ್ತಾರೆ. ತಿರುಗಿ ಬರುವಷ್ಟರಲ್ಲಿ ನಿಮ್ಮ ಟೋಕನ್ ಹಿಂದಕ್ಕೆ ಹೋಗಿರುತ್ತದೆ.