ನೇಮಕಾತಿ ಮತ್ತು ಜ್ಞಾನಾಧಿಕಾರ: ಹಾರ್ವರ್ಡಿನಲ್ಲಿ ಕಪ್ಪು ರಾಜಕಾರಣದ ಬೋಧನೆ

ಯಾವುದೇ ಜ್ಞಾನಶಿಸ್ತಿನ ಚರಿತ್ರೆಯನ್ನು ಅದರ ಗ್ರಂಥಗಳ ಮೂಲಕ ಕಟ್ಟಿಕೊಡುವುದು ರೂಢಿ. ಆದರೆ ವಿಶ್ವವಿದ್ಯಾಲಯದೊಳಗೆ ಆ ಶಿಸ್ತು ನೆಲೆಯೂರುವುದು ಅದಕ್ಕೊಬ್ಬ ಅಧ್ಯಾಪಕ ನೇಮಕಗೊಂಡಾಗ. ಆ ಅಧ್ಯಾಪಕನನ್ನು ಯಾರು ಆರಿಸುತ್ತಾರೆ, ಯಾವ ಮಾನದಂಡದಿಂದ ಅಳೆಯುತ್ತಾರೆ, ಎಷ್ಟು ಕಾಲದ ಭರವಸೆ ಕೊಡುತ್ತಾರೆ ಎಂಬ ಪ್ರಶ್ನೆಗಳು ಆಡಳಿತದ ಸಣ್ಣ ವಿವರಗಳಂತೆ ಕಾಣುತ್ತವೆ. ವಾಸ್ತವದಲ್ಲಿ ಜ್ಞಾನದ ಒಡೆತನವನ್ನು ನಿರ್ಧರಿಸುವುದು ಇವೇ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನರ ರಾಜಕೀಯ ಚಿಂತನೆ ಹಾಗೂ ಹೋರಾಟಗಳ ಬೋಧನೆಗಾಗಿ ನಡೆದ ನೇಮಕಾತಿಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಚರಿತ್ರೆಗೆ ಒಂದು ಪೂರ್ವಪೀಠಿಕೆಯಿದೆ. 1895ರಲ್ಲಿ ಹಾರ್ವರ್ಡಿನಿಂದ ಪಿಎಚ್.ಡಿ. ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಡಬ್ಲ್ಯು.ಇ.ಬಿ. ಡುಬಾಯ್ಸ್. ಮರುವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರನ್ನು ಫಿಲಡೆಲ್ಫಿಯಾದ ಕಪ್ಪು ಜನರ ಅಧ್ಯಯನಕ್ಕೆ ನೇಮಿಸಿಕೊಂಡಿತು. ಅದರ ಫಲವಾಗಿ 1899ರಲ್ಲಿ ಹೊರಬಂದ ಗ್ರಂಥ ಅಮೆರಿಕದ ಸಮಾಜಶಾಸ್ತ್ರದ ಆದ್ಯ ಕೃತಿಗಳಲ್ಲಿ ಒಂದೆನಿಸಿದೆ. ಆದರೆ ಅವರಿಗೆ ಸಿಕ್ಕಿದ್ದು ಸಹಾಯಕನ ಅಲ್ಪಾವಧಿಯ ಹುದ್ದೆ. ನಿಯತವಾದ ಬೋಧನೆಯ ಅವಕಾಶ ದೊರೆಯಲಿಲ್ಲ. ಅತ್ಯುನ್ನತ ಪದವಿಯಿದ್ದರೂ ಪೀಠ ದೊರೆಯದ ಸ್ಥಿತಿಯಿದು. ‘ಅರ್ಹತೆ’ ಎಂಬ ಪದ ಎಂದೂ ತಟಸ್ಥವಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ನಂತರ ಹಾರ್ವರ್ಡಿನ ಕಪ್ಪು ವಿದ್ಯಾರ್ಥಿಗಳ ಬೇಡಿಕೆಗಳು ತೀವ್ರಗೊಂಡವು. ಅರ್ಥಶಾಸ್ತ್ರಜ್ಞ ಹೆನ್ರಿ ರೊಸೊವ್‌ಸ್ಕಿ ನೇತೃತ್ವದ ಸಮಿತಿ 1969ರ ಜನವರಿಯಲ್ಲಿ ವರದಿ ನೀಡಿ ಆಫ್ರೋ-ಅಮೆರಿಕನ್ ಅಧ್ಯಯನದ ಪದವಿಯನ್ನು ಶಿಫಾರಸು ಮಾಡಿತು. ವಿದ್ಯಾರ್ಥಿಗಳಿಗೆ ಬೇಕಾಗಿದ್ದುದು ಸ್ವತಂತ್ರ ವಿಭಾಗ ಮತ್ತು ಅಧ್ಯಾಪಕರ ಆಯ್ಕೆಯಲ್ಲಿ ಪಾಲು. ಅದೇ ಏಪ್ರಿಲ್‌ನಲ್ಲಿ ಅಧ್ಯಾಪಕ ಮಂಡಳಿ ನೇಮಕಾತಿಗೆ ಸಂಬಂಧಿಸಿದ ಸಮಿತಿಯಲ್ಲಿ ವಿದ್ಯಾರ್ಥಿಗಳಿಗೆ ಮತಾಧಿಕಾರ ನೀಡಿತು. ಇದನ್ನು ಒಪ್ಪದ ರೊಸೊವ್‌ಸ್ಕಿ ಸಮಿತಿಯಿಂದ ಹೊರನಡೆದರು. ಇಲ್ಲಿ ವಿವಾದಕ್ಕೆ ಕಾರಣವಾದುದು ಪಠ್ಯವಲ್ಲ, ಅದನ್ನು ಬೋಧಿಸುವವರನ್ನು ಆರಿಸುವ ಅಧಿಕಾರ ಎಂಬುದು ಗಮನಾರ್ಹ.

ವಿಭಾಗದ ಮೊದಲ ಮುಖ್ಯಸ್ಥರಾಗಿ, ಕಾಯಂ ಪ್ರಾಧ್ಯಾಪಕರಾಗಿ 1969ರಲ್ಲಿ ಬಂದವರು ಯೂವರ್ಟ್ ಗಿನಿಯರ್. 1929ರಲ್ಲಿ ಅವರು ಅಲ್ಲಿಯೇ ವಿದ್ಯಾರ್ಥಿಯಾಗಿ ಸೇರಿದ್ದರು. ವಿದ್ಯಾರ್ಥಿನಿಲಯದಲ್ಲಿ ಸ್ಥಾನ ಸಿಗದೆ, ಹಣದ ನೆರವೂ ಇಲ್ಲದೆ, ನ್ಯೂಯಾರ್ಕಿನ ಸಿಟಿ ಕಾಲೇಜಿಗೆ ಹೊರಟುಹೋಗಿದ್ದರು. ನಂತರ ಕಾರ್ಮಿಕ ಸಂಘಟನೆಯ ನಾಯಕರಾಗಿ, 1949ರಲ್ಲಿ ಅಮೆರಿಕನ್ ಲೇಬರ್ ಪಕ್ಷದಿಂದ ಮ್ಯಾನ್‌ಹಟನ್ ಬರೋ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದರು. ಕಾನೂನು ಪದವೀಧರರಾದ ಅವರಿಗೆ ಪಿಎಚ್.ಡಿ. ಇರಲಿಲ್ಲ. ವಿಮರ್ಶಕರು ಎತ್ತಿ ಹಿಡಿದದ್ದು ಇದನ್ನೇ. ಕಪ್ಪು ರಾಜಕಾರಣವನ್ನು ಬದುಕಿ ಬಲ್ಲವರ ಅನುಭವ ಪಾಂಡಿತ್ಯವೆನಿಸುತ್ತದೆಯೇ ಎಂಬ ಮೂಲಭೂತ ಪ್ರಶ್ನೆ ಈ ನೇಮಕದೊಡನೆ ಎದುರಾಯಿತು. ಡುಬಾಯ್ಸ್‌ಗೆ ಪದವಿಯಿದ್ದರೂ ಪೀಠವಿರಲಿಲ್ಲ; ಗಿನಿಯರ್‌ಗೆ ಪೀಠ ಸಿಕ್ಕಾಗ ಪದವಿಯನ್ನು ಕೇಳಲಾಯಿತು.

1973ರಲ್ಲಿ ವಿದ್ಯಾರ್ಥಿಗಳ ಮತಾಧಿಕಾರ ಕೊನೆಗೊಂಡಿತು. ಮುಂದೆ ವಿಭಾಗ ಬಹುಕಾಲ ಬೆರಳೆಣಿಕೆಯ ಕಾಯಂ ಅಧ್ಯಾಪಕರಲ್ಲೇ ಉಳಿಯಿತು. ಸಂಗೀತ ಇತಿಹಾಸಕಾರ್ತಿ ಐಲೀನ್ ಸದರ್ನ್ 1970ರ ದಶಕದ ಮಧ್ಯಭಾಗದಲ್ಲಿ ಕಾಯಂ ಪ್ರಾಧ್ಯಾಪಕಿಯಾಗಿ 1987ರಲ್ಲಿ ನಿವೃತ್ತರಾದರು. ಇತಿಹಾಸಕಾರ ನೇಥನ್ ಹಗಿನ್ಸ್ 1989ರಲ್ಲಿ ನಿಧನರಾದರು. 1991ರಲ್ಲಿ ಹೆನ್ರಿ ಲೂಯಿಸ್ ಗೇಟ್ಸ್ ಮುಖ್ಯಸ್ಥರಾದ ಮೇಲೆ ಚಿತ್ರ ಬದಲಾಯಿತು. ಕಾರ್ನೆಲ್ ವೆಸ್ಟ್ 1994ರಲ್ಲಿ, ವಿಲಿಯಂ ಜೂಲಿಯಸ್ ವಿಲ್ಸನ್ 1996ರಲ್ಲಿ ಬಂದರು. ಎರಡು ವಿಭಾಗಗಳಿಗೆ ಸೇರಿದ ಜಂಟಿ ನೇಮಕಾತಿ ಈ ಬೆಳವಣಿಗೆಯ ಮುಖ್ಯ ಸಾಧನವಾಯಿತು. ಕಪ್ಪು ಜನಪ್ರತಿನಿಧಿತ್ವ ಹಾಗೂ ರಾಜಕೀಯ ಭಾಗವಹಿಸುವಿಕೆಯನ್ನು ಅಧ್ಯಯನ ಮಾಡಿದ ಕ್ಲಾಡೀನ್ ಗೇ 2006ರಲ್ಲಿ ರಾಜ್ಯಶಾಸ್ತ್ರ ವಿಭಾಗಕ್ಕೆ ಬಂದು, ಮರುವರ್ಷ ಆಫ್ರಿಕನ್ ಅಮೆರಿಕನ್ ಅಧ್ಯಯನದ ಪ್ರಾಧ್ಯಾಪಕಿಯೂ ಆದರು.

ಜಂಟಿ ನೇಮಕಾತಿಗೆ ಎರಡು ಮುಖಗಳಿವೆ. ಹೊಸ ಶಿಸ್ತಿಗೆ ಹಳೆಯ ಶಿಸ್ತಿನ ಮನ್ನಣೆ ಇದರಿಂದ ಒದಗುತ್ತದೆ. ಆದರೆ ಯಾವುದು ಪಾಂಡಿತ್ಯ ಎಂದು ನಿರ್ಣಯಿಸುವ ಅಧಿಕಾರದಲ್ಲಿ ಹಳೆಯ ವಿಭಾಗವೂ ಪಾಲು ಪಡೆಯುತ್ತದೆ. ಅಲ್ಲದೆ ಕೀರ್ತಿಯೂ ಭದ್ರತೆಯಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷರೊಡನೆ ಘರ್ಷಣೆಯಾಗಿ 2002ರಲ್ಲಿ ಹಾರ್ವರ್ಡ್ ತೊರೆದ ವೆಸ್ಟ್, ಮುಂದೆ ಕಾಯಂ ಅಲ್ಲದ ಹುದ್ದೆಗೆ ಮರಳಿದರು. ಕಾಯಂಗೊಳಿಸುವ ಕೋರಿಕೆ ಪರಿಗಣನೆಗೆ ಬರಲಿಲ್ಲವೆಂದು 2021ರಲ್ಲಿ ಮತ್ತೆ ಹೊರನಡೆದರು.

ಮುಂಬಯಿಯಲ್ಲಿ 1972ರಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ತನ್ನ ಹೆಸರಿಗೆ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷಕ್ಕೆ ಋಣಿ. ಈ ನಂಟಿನಿಂದ ಕಪ್ಪು ಮತ್ತು ದಲಿತ ಸಾಹಿತ್ಯಗಳ ತೌಲನಿಕ ಓದು ಕನ್ನಡ ವಿಭಾಗಗಳಿಗೆ ಸಹಜವೇ ಆಗಿದೆ. ಕೃತಿಗಳ ಹೋಲಿಕೆಯ ಜೊತೆಗೆ ಅವುಗಳನ್ನು ಬೋಧಿಸುವ ಪೀಠಗಳ ಚರಿತ್ರೆಯನ್ನೂ ಓದಬೇಕೆಂಬುದು ಹಾರ್ವರ್ಡಿನ ನಿದರ್ಶನದ ಪಾಠ. ಪಠ್ಯಕ್ರಮದಲ್ಲಿ ಸ್ಥಾನ ಪಡೆದ ವಿಷಯ ಒಂದು ಸುತ್ತೋಲೆಯಿಂದ ಹೊರಹೋಗಬಲ್ಲದು. ಆಯ್ಕೆಯ ಅಧಿಕಾರ, ಅರ್ಹತೆಯ ವ್ಯಾಖ್ಯಾನ ಮತ್ತು ಹುದ್ದೆಯ ಶಾಶ್ವತತೆ ಈ ಮೂರೂ ಕೂಡಿದಾಗ ಮಾತ್ರ ಜ್ಞಾನಶಿಸ್ತು ತನ್ನ ಕಾಲ ಮೇಲೆ ನಿಲ್ಲುತ್ತದೆ.