ಗುಲಗಂಜಿಯಷ್ಟು ಸಾಕು ಕಣವ್ವ

ನಿನ್ನ ಕತೆ ಓದಿದೆ ಕಣವ್ವ. ಕೈ ಚುರುಕಾಗಿದೆ, ಆತುರ ಅದಕ್ಕಿಂತ ಚುರುಕು. ಮೊದಲ ಪುಟ ದಾಟೋ ಹೊತ್ತಿಗೆ ನನ್ನ ಕಾಫಿ ಆರಿಹೋಯಿತು. ದ್ರೌಪದಿಯ ಹುಬ್ಬು, ಮೂಗು, ತುಟಿ, ನಡು, ಕಾಲುಬೆರಳು... ಇದೇನು ಕತೆಯೋ, ಹೆಣ್ಣು ನೋಡೋ ಶಾಸ್ತ್ರವೋ? ಮೇಲೆ 'ಹಾಲಿನಂಥ ಮೈಬಣ್ಣ' ಬೇರೆ. ಕೃಷ್ಣೆ ಅಂತ ಅವಳಿಗೆ ಹೆಸರು ಬಂದದ್ದೇ ಕಪ್ಪು ಬಣ್ಣಕ್ಕೆ. ಮದುವೆ ಮನೆಯವರ ಹಾಗೆ ನೀನೂ ಅವಳಿಗೆ ಪೌಡರು ಬಳಿದುಬಿಟ್ಟೆಯಲ್ಲ!

'ಫ್ಯಾನ್ ಫಿಕ್ಷನ್ ಅಂದ್ರೆ ಗೊತ್ತಾ ಅಜ್ಜಿ?' ಅಂತ ಕೇಳಿದೆ. ನಂಜನಗೂಡಿನವಳನ್ನು ಕೇಳೋ ಮಾತಾ ಇದು? ಇದ್ದ ದೇವರನ್ನೇ ಎತ್ತಿಕೊಂಡು ಹೊಸ ಕತೆ ಕಟ್ಟಿದವರು ನಮ್ಮ ಜನಪದ ಹಾಡುಗಾರರು. ನಮ್ಮೂರ ನಂಜುಂಡೇಶ್ವರನಿಗೂ ಬೆಟ್ಟದ ಚಾಮುಂಡಿಗೂ ಗಂಟು ಹಾಕಿದರು. ಮನೇಲಿದ್ದ ಹೆಂಡತಿ ದೇವೀರಿಯಿಂದ ಜಗಳ ಆಡಿಸಿದರು. ಗುಡಿಯೊಳಗೆ ಇಣುಕಿ ನೋಡು, ಅಲ್ಲಿರೋದು ಲಿಂಗ. ಕಣ್ಣಿಲ್ಲ, ಮೂಗಿಲ್ಲ, ಮೀಸೆಯಿಲ್ಲ. ಆದರೂ ಹಾಡು ಕೇಳಿದವರಿಗೆ ಕಪಿಲೆ ದಾಟಿ ಬೆಟ್ಟದ ಕಡೆ ಕದ್ದು ಹೊರಟ ಗಂಡಸು ಕಾಣ್ತಾನೆ. ಕೂತ ಹೆಂಗಸರಿಗೆಲ್ಲ ಅವರವರ ಗಂಡನ ಮೋರೆ. ನನಗೂ ನಿಮ್ಮಜ್ಜನ ಮೋರೆಯೇ ಕಂಡಿತ್ತು. ಪಾಪ, ಅವರು ಕದ್ದು ಹೋಗ್ತಿದ್ದದ್ದು ಇಸ್ಪೀಟಿಗೆ.

ನೀನು ಐದನೇ ಕ್ಲಾಸಿನಲ್ಲಿದ್ದಾಗ ತಿರುಮಕೂಡಲಿಗೆ ಕರಕೊಂಡು ಹೋಗಿದ್ದೆ, ನೆನಪಿದೆಯಾ? ಕಾವೇರಿ, ಕಪಿಲೆ ಕೂಡೋ ಜಾಗದಲ್ಲಿ ನೀರಿಗೆ ಇಳಿಯೋಕೆ ಅತ್ತಿದ್ದೆ. ಗುಂಜಾ ನರಸಿಂಹಸ್ವಾಮಿಯ ದರ್ಶನ ಆಯಿತು. ಆ ಸ್ವಾಮಿಯ ಕಿರೀಟ ಹೇಗಿತ್ತು ಹೇಳು ನೋಡೋಣ. ನೆನಪೇ ಬರಲ್ಲ. ಕೈಯಲ್ಲಿದ್ದ ಗುಲಗಂಜಿ? ಅದು ಮರೆತಿಲ್ಲ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅನ್ನೋ ಕತೆ ಆ ಕಾಳಿಗೆ ಅಂಟಿಕೊಂಡಿದೆ. ಕಿರೀಟಕ್ಕೆ ಕತೆಯಿಲ್ಲ, ಅದಕ್ಕೇ ಜಾರಿಹೋಯಿತು.

ಅದೇ ತಾಲ್ಲೂಕಿನ ಸೋಮನಾಥಪುರದ ಗುಡಿಗೂ ಒಮ್ಮೆ ಹೋಗಿ ಬಾ, ಸೆಲ್ಫಿಗಲ್ಲ. ವಿಷ್ಣುವಿಗೆ 24 ರೂಪ. ನಾಲ್ಕು ಕೈಗೂ ಅದೇ ಶಂಖ, ಚಕ್ರ, ಗದೆ, ಪದ್ಮ. ಯಾವುದು ಯಾವ ಕೈಲಿದೆ ಅನ್ನೋದು ಬದಲಾದರೆ ಕೇಶವ ಹೋಗಿ ಜನಾರ್ದನ ಆಗ್ತಾನೆ. ಮುಖ ಕೆತ್ತಿ ಕೆತ್ತಿ ಬದಲಿಸೋ ಗೋಜೇ ಇಲ್ಲ. ನೀನೂ ಏನು ಬದಲಿಸಿದೆಯೋ ಅಷ್ಟು ಹೇಳು. ಮಿಕ್ಕಿದ್ದನ್ನು ಓದುವವರು ತಮ್ಮ ಮನೆಯಿಂದಲೇ ತಂದಿರ್ತಾರೆ. ದ್ರೌಪದಿ ಅಂದ ತಕ್ಷಣ ಒಬ್ಬೊಬ್ಬರ ಕಣ್ಣಿಗೆ ಒಬ್ಬೊಬ್ಬಳು ಬಂದು ನಿಂತಾಗಿದೆ. ಅವಳನ್ನು ಆಚೆ ತಳ್ಳಿ ನಿನ್ನವಳನ್ನು ಕೂರಿಸೋಕೆ ಯಾಕೆ ಅಷ್ಟು ಒದ್ದಾಟ?

ಕೂದಲು ಬೇಕೇ ಬೇಕಾ? ಸರಿ, ಅವಳು ಮುಡಿ ಬಿಚ್ಚಿಕೊಂಡವಳು, ಬೇಕು. ಆದರೆ ಮೊಣಕಾಲುದ್ದ, ರೇಷ್ಮೆಯಂತೆ, ಇರುಳಿನಂತೆ ಅಂತ ಅಳೀತಾ ಕೂರಬೇಡ. ದಾಸಿ ಎಣ್ಣೆ ಬಟ್ಟಲು ಹಿಡಿದು ಬರಲಿ, ಇವಳು ತಲೆ ಎತ್ತದೆ ವಾಪಸು ಕಳಿಸಲಿ. ಉದ್ದ ಎಷ್ಟು ಅಂತ ಯಾರೂ ಕೇಳಲ್ಲ.

ಇನ್ನೊಂದು. ಸುಭದ್ರೆಯನ್ನು ಕನ್ನಡಿ ಮುಂದೆ ನಿಲ್ಲಿಸಿ, 'ನನ್ನದು ಬಟ್ಟಲುಗಣ್ಣು' ಅನ್ನಿಸಿದ್ದೀಯ. ಯಾವ ಹೆಂಗಸವ್ವ ಹಾಗಂದುಕೊಳ್ತಾಳೆ? ನಾನು ಕನ್ನಡಿ ನೋಡೋದು ಹಲ್ಲಿನ ಸಂದಿಲಿ ಸೊಪ್ಪು ಸಿಕ್ಕಿದೆಯಾ ಅಂತ. ಭೀಮ ಯಾವುದೋ ಸಿನಿಮಾ ನಟನ ಹಾಗಿದ್ದಾನೆ ಅಂತಲೂ ಬರೆದಿದ್ದೀಯ. ಆ ನಟನಿಗೆ ನಾಳೆ ಹೊಟ್ಟೆ ಬಂದರೆ ಗದೆ ಎತ್ತೋರು ಯಾರು?

ಭಾನುವಾರ ಬರುವಾಗ ತಿದ್ದಿ ತಾ. ರಸಬಾಳೆ ತರಿಸಿಟ್ಟಿರ್ತೀನಿ. ದ್ರೌಪದಿ ಇನ್ನೂ ಬೆಳ್ಳಗೇ ಇದ್ದರೆ ನಿನಗೆ ಸಿಪ್ಪೆ ಮಾತ್ರ.