ಕಪಾಟಿನೊಳಗಿನ ಸೆಟ್‌ಟಾಪ್ ಬಾಕ್ಸಿಗೆ ರಿಮೋಟ್ ಮುಟ್ಟಿಸುವ ಬಗೆ

ಬಾಗಿಲು ಹಾಕಿದ ಕಪಾಟಿನೊಳಗಿರುವ ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್, ಡಿವಿಡಿ ಪ್ಲೇಯರ್‌ಗಳಿಗೆ ಹೊರಗಿನ ರಿಮೋಟಿನ ಸಂಕೇತ ತಲುಪಿಸುವ ಸಣ್ಣ ಸಲಕರಣೆಯೇ ರಿಮೋಟ್ ಎಕ್ಸ್‌ಟೆಂಡರ್. ರಿಮೋಟಿನ ತುದಿಯಿಂದ ಹೊರಡುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದರ ತರಂಗದೂರ ಸಾಮಾನ್ಯವಾಗಿ 940 ನ್ಯಾನೊಮೀಟರ್, ಮಿಣುಕುವ ವೇಗ ಹೆಚ್ಚಿನ ರಿಮೋಟುಗಳಲ್ಲಿ ಸೆಕೆಂಡಿಗೆ ಸುಮಾರು 38 ಸಾವಿರ ಸಲ. ಬೆಳಕಾದ್ದರಿಂದ ಗಾಜನ್ನು ದಾಟುತ್ತದೆ, ಕಟ್ಟಿಗೆಯನ್ನೂ ಕಲ್ಲನ್ನೂ ದಾಟುವುದಿಲ್ಲ. ಎಕ್ಸ್‌ಟೆಂಡರಿನ ಹೊರಗಣ್ಣು ಆ ಬೆಳಕನ್ನು ಹಿಡಿದು ತಂತಿಯ ಮೂಲಕ ಒಳಗೆ ಕಳಿಸುತ್ತದೆ. ತಂತಿಯ ತುದಿಯಲ್ಲಿರುವ ಎಮಿಟರ್ ಎಂಬ ಪುಟ್ಟ ದೀಪ ಅದನ್ನೇ ಮತ್ತೆ ಬೆಳಕಾಗಿಸಿ ಪೆಟ್ಟಿಗೆಯ ಮುಂದೆ ಬೀರುತ್ತದೆ.

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಹಳೆಯ ಮನೆಗಳಿಗೆ ಇದು ಹೇಳಿ ಮಾಡಿಸಿದಂಥ ಸಾಧನ. ದಪ್ಪನೆಯ ಕಲ್ಲುಗೋಡೆಯಲ್ಲಿ ಗೂಡು ಬಿಟ್ಟು, ಪರ್ಸಿ ಕಲ್ಲಿನ ಹಲಗೆ ಕೂಡಿಸಿ, ಕಟ್ಟಿಗೆ ಬಾಗಿಲು ಹಚ್ಚಿದ ಕಪಾಟು ಪಡಸಾಲೆಯಲ್ಲೇ ಇರುತ್ತದೆ. ಟಿವಿ ಗೋಡೆಗೇರಿದ ಮೇಲೆ ಧೂಳಿಗೂ ಮಕ್ಕಳ ಕೈಗೂ ಸಿಗಬಾರದೆಂದು ಪೆಟ್ಟಿಗೆಗಳೆಲ್ಲ ಆ ಕಪಾಟು ಸೇರುತ್ತವೆ. ಆದರೆ ಚಾನೆಲ್ ಬದಲಿಸಲೆಂದು ಬಾಗಿಲು ದಿನವಿಡೀ ತೆರೆದೇ ಇದ್ದರೆ ಮುಚ್ಚಿಟ್ಟದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಎಕ್ಸ್‌ಟೆಂಡರ್ ಕಿಟ್ ಕೊಳ್ಳುವ ಮೊದಲು ಮನೆಯ ರಿಮೋಟ್ ಅವಕೆಂಪು ಬೆಳಕಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ತುದಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿದರೆ ಪರದೆಯ ಮೇಲೆ ನೇರಳೆ ಬಣ್ಣದ ಮಿಣುಕು ಕಾಣಬೇಕು. ಹಿಂದಿನ ಕ್ಯಾಮೆರಾಗಳಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಇರುವುದೇ ಹೆಚ್ಚು, ಅವನ್ನು ನಂಬಬಾರದು. ಫೈರ್ ಟಿವಿ ಸ್ಟಿಕ್ಕಿನ ರಿಮೋಟ್ ಸ್ಟಿಕ್ಕಿನ ಜೊತೆ ಮಾತಾಡುವುದು ಬ್ಲೂಟೂತ್‌ನಲ್ಲಿ. ಅದಕ್ಕೆ ಎಕ್ಸ್‌ಟೆಂಡರ್ ಬೇಕಾಗಿಯೂ ಇಲ್ಲ, ಹಚ್ಚಿದರೆ ಉಪಯೋಗವೂ ಇಲ್ಲ. ಅದೇ ರಿಮೋಟಿನಲ್ಲಿ ಟಿವಿಯ ದನಿ ಏರಿಸುವಂಥ ಗುಂಡಿಗಳು ಅವಕೆಂಪಿನವಾಗಿರುವುದರಿಂದ ಅಂಥ ಗುಂಡಿಯನ್ನಷ್ಟೇ ಒತ್ತಿ ನೋಡಿದವರು ಮೋಸ ಹೋಗುತ್ತಾರೆ.

ಕಿಟ್ ಬಂದ ಮೇಲೆ ಗೋಡೆಗೆ ಹಚ್ಚುವ ಮುನ್ನ ಎಲ್ಲವನ್ನೂ ನೆಲದ ಮೇಲೆ ಜೋಡಿಸಿ ಪರೀಕ್ಷಿಸಬೇಕು. ಹೊರಗಣ್ಣಿನ ಪಿನ್ನೂ ಎಮಿಟರಿನ ಪಿನ್ನೂ ನೋಡಲು ಇಯರ್‌ಫೋನ್ ಪಿನ್ನಿನಂತೆ ಒಂದೇ ತೆರನಾಗಿರುತ್ತವೆ. ಅದಲುಬದಲಾದರೆ ಕಿಟ್ ಕೆಲಸ ಮಾಡದು, ಕೆಲವು ಕಿಟ್‌ಗಳು ಹಾಳಾಗಲೂಬಹುದು. ವಿದ್ಯುತ್ತನ್ನು ಟಿವಿಯ ಯುಎಸ್‌ಬಿ ಕಿಂಡಿಯಿಂದ ಕೊಡಬಾರದು. ಬಹಳಷ್ಟು ಟಿವಿಗಳಲ್ಲಿ ಟಿವಿ ಆರಿದೊಡನೆ ಆ ಕಿಂಡಿಯೂ ಸತ್ತುಹೋಗುತ್ತದೆ, ಆಮೇಲೆ ರಿಮೋಟಿನಿಂದ ಪೆಟ್ಟಿಗೆಯನ್ನು ಎಬ್ಬಿಸುವ ದಾರಿಯೇ ಇರುವುದಿಲ್ಲ. ಹಳೆಯ ಮೊಬೈಲಿನ 5 ವೋಲ್ಟ್ ಚಾರ್ಜರ್ ಸಾಕು. ಕರೆಂಟ್ ಹೋದಾಗ ಸೆಟ್‌ಟಾಪ್ ಬಾಕ್ಸ್ ಇನ್ವರ್ಟರ್ ಮೇಲೆ ನಡೆಯುವ ಮನೆಯಲ್ಲಿ ಈ ಚಾರ್ಜರನ್ನೂ ಅದೇ ಸಾಲಿನ ಪ್ಲಗ್ಗಿಗೆ ಹಾಕಬೇಕು.

ಇನ್ನು ಎಮಿಟರ್. ಹೆಚ್ಚಿನ ತಕರಾರುಗಳ ಮೂಲ ಇಲ್ಲೇ ಇರುತ್ತದೆ. ಪೆಟ್ಟಿಗೆಯ ಮುಂಭಾಗದ ಕಪ್ಪು ಪ್ಲಾಸ್ಟಿಕ್ ಪಟ್ಟಿ ಪೂರ್ತಿ ಕಣ್ಣಲ್ಲ. ನಿಜವಾದ ಕಣ್ಣು ಅದರ ಹಿಂದೆ ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ಗಾತ್ರದಲ್ಲಿ ಕೂತಿರುತ್ತದೆ. ಎಮಿಟರಿನ ಬೆಳಕು ತೀರಾ ಮಂದ, ಕೆಲವೇ ಸೆಂಟಿಮೀಟರ್ ದೂರಕ್ಕಷ್ಟೇ ಸಾಕಾಗುವಂಥದ್ದು. ಎರಡು ಬೆರಳು ಆಚೆ ಅಂಟಿಸಿದರೂ ಪೆಟ್ಟಿಗೆಗೆ ಏನೂ ಕಾಣುವುದಿಲ್ಲ. ಕಣ್ಣನ್ನು ಹುಡುಕಲು ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ಪಟ್ಟಿಯ ಹಿಂದೆ ಇಣುಕಬೇಕು, ದುಂಡನೆಯ ಉಬ್ಬು ಕಂಡರೆ ಅದೇ ಕಣ್ಣು. ಕಾಣದಿದ್ದರೆ ದಪ್ಪ ರಟ್ಟಿನ ತುಂಡಿನಲ್ಲಿ ಬೆರಳಗಲದ ತೂತು ಮಾಡಿ, ಪಟ್ಟಿಗೆ ಒತ್ತಿ ಹಿಡಿದು, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸುತ್ತ ರಿಮೋಟ್ ಒತ್ತಬೇಕು. ಪೆಟ್ಟಿಗೆ ಉತ್ತರ ಕೊಟ್ಟ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಎಮಿಟರನ್ನು ಅಲ್ಲಿಗೇ ಅಂಟಿಸಬೇಕು.

ಅಂಟಿಸಿದ್ದು ಕೊನೆವರೆಗೂ ನಿಲ್ಲುತ್ತದೆಂದು ತಿಳಿಯಬಾರದು. ಈ ಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಪಾಟಿನಲ್ಲಿ ಪೆಟ್ಟಿಗೆಯ ಕಾವೂ ಸೇರಿ ಎಮಿಟರಿನ ಗೋಂದು ಮೆತ್ತಗಾಗುತ್ತದೆ, ತಂತಿಯ ಭಾರಕ್ಕೆ ಎಮಿಟರ್ ಒಂದಿಷ್ಟು ಕೆಳಗೆ ಜಾರುತ್ತದೆ. ನಿನ್ನೆವರೆಗೆ ನಡೆಯುತ್ತಿದ್ದ ರಿಮೋಟ್ ಇಂದು ಸತ್ತಂತೆ ಕಾಣುತ್ತದೆ. ಮನೆಯವರು ಸೆಲ್ ಬದಲಿಸುತ್ತಾರೆ, ಹೊಸ ರಿಮೋಟ್ ತರುತ್ತಾರೆ, ಕಡೆಗೆ ಪೆಟ್ಟಿಗೆಯನ್ನೇ ರಿಪೇರಿಗೆ ಒಯ್ಯುತ್ತಾರೆ. ಜಾರಿದ್ದು ಒಂದು ಸೆಂಟಿಮೀಟರ್, ಖರ್ಚಾಗುವುದು ನೂರಾರು ರೂಪಾಯಿ. ಹೀಗಾಗದಂತೆ ಅಂಟಿಸುವ ಮುನ್ನ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಧೂಳು, ಜಿಡ್ಡು ತೆಗೆಯಬೇಕು. ಎಮಿಟರಿನಿಂದ ಮೂರು ಬೆರಳು ಆಚೆ ತಂತಿಯನ್ನು ಬೇರೆ ಟೇಪಿನಿಂದ ಬಿಗಿದು, ಭಾರ ಎಮಿಟರಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ರಿಮೋಟ್ ಕೈಕೊಟ್ಟಾಗ ಮೊದಲು ಕಪಾಟಿನ ಬಾಗಿಲು ತೆಗೆದು ಎಮಿಟರನ್ನು ನೋಡುವುದೇ ಸರಿಯಾದ ಕ್ರಮ.

ಇದೇ ಕಾವು ಪೆಟ್ಟಿಗೆಯ ಆಯಸ್ಸನ್ನೂ ತಿನ್ನುತ್ತದೆ. ಕಲ್ಲುಗೋಡೆಯ ಕಪಾಟಿಗೆ ಬೆನ್ನಲ್ಲಿ ಗಾಳಿಯ ದಾರಿ ಇರುವುದಿಲ್ಲ. ಹಾಗಾಗಿ ಬಾಗಿಲಿನ ಕೆಳಗೂ ಮೇಲೂ ತೂತುಗಳ ಸಾಲು ಕೊರೆಸಬೇಕು, ಇಲ್ಲವೇ ಜಾಳಿಗೆ ಬಾಗಿಲು ಹಾಕಿಸಬೇಕು. ಆಂಪ್ಲಿಫೈಯರ್ ಮೇಲೆ ಸೆಟ್‌ಟಾಪ್ ಬಾಕ್ಸ್ ಹೇರಬಾರದು. ಗಾಳಿಯಾಡದ ಕಪಾಟಿನಲ್ಲಿ ಪೆಟ್ಟಿಗೆ ಇಡುವುದಕ್ಕಿಂತ ಹೊರಗೆ ಧೂಳಿನಲ್ಲಿ ಇಡುವುದೇ ವಾಸಿ.

ಹೊರಗಣ್ಣನ್ನು ಟಿವಿಯ ಕೆಳಅಂಚಿನ ಬಳಿ, ಕೂರುವವರಿಗೆ ನೇರವಾಗಿ ಹಚ್ಚಬೇಕು. ಪಡುವಣ ಕಿಟಕಿಯ ಸಂಜೆ ಬಿಸಿಲು ನೇರ ಬೀಳುವ ಜಾಗ ಬೇಡ, ಬಿಸಿಲಲ್ಲೂ ಅವಕೆಂಪು ತುಂಬಿರುವುದರಿಂದ ಕಣ್ಣು ಕುರುಡಾಗುತ್ತದೆ. ಎಮಿಟರಿನ ಬೆಳಕು ಹೊರಗಣ್ಣಿಗೆ ಕಾಣಲೂಬಾರದು. ಕಂಡರೆ ಎಕ್ಸ್‌ಟೆಂಡರ್ ತನ್ನ ಸಂಕೇತವನ್ನೇ ತಾನು ಕೇಳಿ ಮತ್ತೆ ಮತ್ತೆ ಕಳಿಸುತ್ತ ಗೊಂದಲ ಮಾಡುತ್ತದೆ. ತಂತಿಗಾಗಿ ಪರ್ಸಿ ಹಲಗೆ ಕೊರೆಯಬೇಕಾದರೆ ಡ್ರಿಲ್‌ನ ಹ್ಯಾಮರ್ ನಿಲ್ಲಿಸಿ ನಿಧಾನವಾಗಿ ಕೊರೆಯಬೇಕು, ಪೆಟ್ಟು ಬಿದ್ದರೆ ಪರ್ಸಿ ಪದರು ಪದರಾಗಿ ಸೀಳುತ್ತದೆ. ಈ ತಂತಿಯನ್ನು 230 ವೋಲ್ಟ್ ವೈರು ಇರುವ ಪೈಪಿನಲ್ಲಿ ತೂರಿಸಕೂಡದು.

ತಂತಿ ಎಳೆಯಲಾಗದ ಕಡೆ ರೇಡಿಯೊ ತರಂಗದ ಜೋಡಿ ಎಕ್ಸ್‌ಟೆಂಡರ್ ಸಿಗುತ್ತದೆ. ಅದು ಗೋಡೆ ದಾಟುತ್ತದೆ, ಉಕ್ಕಿನ ಅಲಮಾರಿಯೊಳಗೆ ಸೋಲುತ್ತದೆ. ಒಂದೇ ಮಾದರಿಯ ಎರಡು ಸೆಟ್‌ಟಾಪ್ ಬಾಕ್ಸ್ ಒಂದೇ ಕಪಾಟಿನಲ್ಲಿದ್ದರೆ ಎರಡೂ ಒಟ್ಟಿಗೆ ಚಾನೆಲ್ ಬದಲಿಸಬಹುದು. ಅಂಥಲ್ಲಿ ಒಂದಕ್ಕಷ್ಟೇ ಎಮಿಟರ್ ಅಂಟಿಸಿ, ಇನ್ನೊಂದರ ಕಣ್ಣಿಗೆ ಕಪ್ಪು ಟೇಪ್ ಹಚ್ಚಬೇಕು.